ಆರು ಮಿಲಿಮೀಟರ್ ಕಡಿಮಿ

ಸದಾಶಿವ ಪೇಠ, ಪುಣೆ
೧೧ ಸೆಪ್ಟೆಂಬರ್ ೨೦೨೫

ಗೆಳೆಯಾ ಅವ್ವಣ್ಣ,

ಆರಾಮ ಇದ್ದೀಯೇನೋ? ಹೋದ ದೀಪಾವಳಿಗೆ ನೀ ಬರದ ಪತ್ರಕ್ಕ ಈಗ ಉತ್ತರ ಬರೀಲಿಕ್ಕತ್ತೇನಿ, ಬೈಬ್ಯಾಡ. "ಫೋನ್ ಇರೋ ಕಾಲದಾಗ ಪತ್ರ ಯಾಕ್ರಿ?" ಅಂತ ನನ್ನ ಹೆಂಡ್ತಿ ರುದ್ರವ್ವ ನಗತಾಳ. ಫೋನಿನಾಗ ನಿನ್ನ ದನಿ ಕೇಳಿದ್ರ ನನ್ನ ಬಾಯಿ ಕಟ್ಟತದ, ಅದಕ್ಕ ಪತ್ರ.

ತಲಿ ಮೊಸರಗಡಿಗಿ ಆಗೇದ ನೋಡು. ನಮ್ಮ ಇಂಜಿನಿಯರಿಂಗ್ ಕಾಲೇಜಿಗೆ ಹೊಸ ಪ್ರಿನ್ಸಿಪಾಲ್ ಬಂದಾರ. ಪುಸ್ತಕದ ಬದನಿಕಾಯಿ ಸಾಕು, ಹುಡುಗರು ಕೈಯಾರೆ ಕೆಲಸ ಕಲೀಲಿ ಅಂತ ಒಂದು ಕಾರಖಾನಿ ಜೋಡಿ ಮಾತಾಡ್ಯಾರ. ಅವರು ಒಪ್ಪಿದ್ರ ಇಪ್ಪತ್ತು ಹುಡುಗರು ಆರು ತಿಂಗಳು ಅಲ್ಲೇ ಕಲೀತಾರ. ಹೋದ ವಾರ ಕಾರಖಾನಿಯಿಂದ ಅವಿನಾಶ್ ಸಾಹೇಬ್ರು ನನ್ನ ವರ್ಕ್‌ಶಾಪ್ ನೋಡಲಿಕ್ಕೆ ಬಂದ್ರು.

ಇಲ್ಲಿ ಪದ್ಧತಿ ಹೆಂಗದ ಅಂದ್ರ, ಪರೀಕ್ಷಾದಾಗ ಒಬ್ಬೊಬ್ಬರೂ ಕಬ್ಬಿಣ ತಿರಗಿಸಿ ಕೊರಿಯೋ ಲೇಥ್ ಮಷೀನ್ ಮ್ಯಾಲೆ ನಕಾಶಿ ಪ್ರಕಾರ ಒಂದು ತುಂಡು ಮಾಡಬೇಕು. ಲೇಥ್ ಮೂರು, ಹುಡುಗರು ಅರವತ್ತು. ಹಂಗಾಗಿ ಹಳೇ ತುಂಡಿನ ತುದಿಗೆ ಇರೋ ಹುಡುಗನ ನಂಬರ್ ಅರದಿಂದ ಉಜ್ಜಿ, ಹೊಸ ನಂಬರ್ ಹೊಡದು ಇಡತೇನಿ. ಪರೀಕ್ಷಕರು ಚಹಾ ಕುಡದು ಹೋಗತಾರ. ಇಪ್ಪತ್ತೊಂದು ವರ್ಷ ಹಿಂಗ ನಡದದ.

ಸಾಹೇಬ್ರು ಎಲ್ಲಾಕಿಂತ ಹಳೇ ತುಂಡು ಎತ್ತಿ ಅಳದ್ರು. ನಕಾಶಿಯೊಳಗ ತೊಂಬತ್ತು ಮಿಲಿಮೀಟರ್, ತುಂಡು ಎಂಬತ್ನಾಕು! "ಕಬ್ಬಿಣಕ್ಕೂ ಸೊರಗೋ ರೋಗ ಬಂತೇನ್ರಿ ಈರಣ್ಣ?" ಅಂತ ಮರಾಠಿಯೊಳಗ ಕೇಳಿದ್ರು. ವರ್ಷಾ ವರ್ಷಾ ಅದನ್ನ ಉಜ್ಜಿ ಗಿಡ್ಡ ಮಾಡಿದ ಅರಾನ ನಾ ಬೆನ್ನ ಹಿಂದ ಮುಚ್ಚಿಟ್ಟೆ. ಬಾಜೂಕ ನಿಂತಿದ್ದ ಅಪೇಕ್ಷಾ, ಮೂರನೇ ವರ್ಷದಾಕಿ, "ಸರ್, ನಾವು ಲೇಥ್ ಚಾಲೂ ಮಾಡಿದ್ದೇ ಇಲ್ಲ" ಅಂದಬಿಟ್ಟಳು. ಭೂಮಿ ಬಾಯಿ ಬಿಡಬಾರದೇನು ಅನಿಸ್ತು.

ಸಾಹೇಬ್ರು ಸಿಟ್ಟಾಗಲಿಲ್ಲ. "ಇಪ್ಪತ್ತೆರಡನೇ ತಾರೀಖು ನೀವೇ ಎಲ್ಲಾರ ಮುಂದ ಇದನ್ನ ಮಾಡಿ ತೋರಸ್ರಿ. ಕಲಿಸೋರಿಗೆ ಕೆಲಸ ಬಂದ್ರ ಹುಡುಗರನ್ನ ತಗೋತೇವಿ" ಅಂದ್ರು. ಪ್ರಿನ್ಸಿಪಾಲ್ರು ಖುಷಿಲೇ ನನ್ನ ಬೆನ್ನು ತಟ್ಟಿದ್ರು. ಅವತ್ತಿಂದ ದಿನಾ ಸಂಜಿಗೆ ಲೇಥ್ ಮುಂದ ನಿಂದರತೇನಿ. ಎರಡು ತುಂಡು ಹಾಳು ಮಾಡೇನಿ. ರಜಾ ಹಾಕಲೋ, ಖರೇ ಹೇಳಲೋ, ಏನೂ ತಿಳೀವಲ್ದು. ಖರೇ ಹೇಳಿದ್ರ ಇಪ್ಪತ್ತು ಹುಡುಗರ ದಾರಿಗೆ ನಾನೇ ಅಡ್ಡ. ಸುಮ್ಮನಿದ್ರ ಅಪೇಕ್ಷಾನ ಮಾರಿ ನೋಡಲಿಕ್ಕಾಗವಲ್ದು. "ಬರೂದಿಲ್ಲಂದ್ರ ಬಲ್ಲವರ್ನ ಕರೀರಿ, ಅದರಾಗ ಏನು ನಾಚಿಕಿ?" ಅಂತಾಳ ರುದ್ರವ್ವ.

ಹುಬ್ಬಳ್ಳಿಯೊಳಗ ನಿನ್ನ ಲೇಥ್ ಅಂಗಡಿ ನಾಕು ದಿನ ಮಗಗ ಒಪ್ಪಿಸಿ ಬರತೀಯಾ? ಬಂದು ಕೈ ಹಿಡದು ಕಲಸತೀಯಾ? ನಿನ್ನಂಥ ಕೈ ನಾ ಇಲ್ಲೀತನಕ ಎಲ್ಲೂ ನೋಡಿಲ್ಲ. ವೈನಿಗೆ ನಮಸ್ಕಾರ ಹೇಳು. ಮಗಗ ನನ್ನ ಆಶೀರ್ವಾದ, ನಿನ್ನ ಕಸಬು ಅವನ ಕೈಯಾಗ ಉಳೀಲಿ.

ನಿನ್ನ
ಈರಣ್ಣ

ತಾ.ಕ.: ಗಾಡಿ ಹತ್ತೋ ಮೊದಲ ಇದನ್ನ ಓದು. ಈ ನೌಕರಿ ಸಂದರ್ಶನಕ್ಕ ನಾವಿಬ್ಬರೂ ಇದೇ ನಕಾಶಿಯ ಒಂದೊಂದು ತುಂಡು ಮಾಡಿಕೊಂಡು ಪುಣೆಗೆ ಬಂದಿದ್ವಿ. ನಂದು ಕೆಟ್ಟಿತ್ತು. ನಿಂದು ರೈಲಿನಾಗ ಕಳೀತು ಅಂತ ಪ್ಲಾಟ್‌ಫಾರ್ಮ್ ಮ್ಯಾಲೆ ಕುಂತು ಅತ್ತಿದ್ದಿ, ನಾನೇ ಸಮಾಧಾನ ಮಾಡಿದ್ದೆ. ಅದು ಕಳದಿರಲಿಲ್ಲೋ ಅವ್ವಣ್ಣ, ನನ್ನ ಚೀಲದಾಗಿತ್ತು. ಸಾಹೇಬ್ರು ಅಳದದ್ದು ಅದನ್ನ. ಅದರ ಮ್ಯಾಲೆ ನಾ ಮೊದಲ ಉಜ್ಜಿದ್ದು ಯಾವ ಹುಡುಗನ ನಂಬರೂ ಅಲ್ಲ, ನಿನ್ನ ಹೆಸರು. ಈಗ ಹೇಳು, ಬರತೀಯೇನು?