ತಂದೆಯ ಹೆಸರಿನ ಸಾಲು

ಅಲ್ಮಾಟಿ
ಮಾರ್ಚ್ ೧೪

ಪ್ರಿಯ ತೋಲೆಗೆನ್,

ಎರ್ಸಾಯಿನ್‌ನ ಸಾವಿನ ನಲವತ್ತನೆಯ ದಿನದ ಊಟಕ್ಕೆ ಕರಗಂಡಾದಿಂದ ಬಂದ ನಿನಗೂ ಸೊಸೆ ಶೋಲ್ಪಾನ್‌ಗೂ, ಅಂದು ನೆರೆದ ಬಂಧುಗಳೆಲ್ಲರಿಗೂ ನನ್ನ ಕೃತಜ್ಞತೆ. ಇಷ್ಟು ಬರೆಯಲು ಒಂಬತ್ತು ದಿನ ತಡಮಾಡಿದ್ದೇನೆ, ಕ್ಷಮಿಸು. ಆದರೆ ಅವರು ತಂದ ಸಂತಾಪವನ್ನು ನಾನು ಸ್ವೀಕರಿಸಲಾರೆ. "ಎಲ್ಲಾ ದೇವರ ಇಚ್ಛೆ, ಹಿರಿಯರೇ," ಎಂದ ಪಕ್ಕದ ಮನೆಯವನಿಗೆ, "ಇಚ್ಛೆ ಯಾರದು ಅಂತ ಆಮೇಲೆ ನೋಡೋಣ, ಮೊದ್ಲು ಮಾಂಸ ತಗೋ," ಎಂದೆನಲ್ಲ, ಅದರ ಅರ್ಥ ಈಗ ತಿಳಿಸುತ್ತೇನೆ.

ಊಟದ ಹಿಂದಿನ ದಿನ ಪ್ರಯೋಗಾಲಯದ ರೌಜಾ ನನ್ನನ್ನು ಕರೆಸಿದ್ದಳು. ಕ್ಯಾನ್ಸರಿನ ಮೇಲೆ ದೇಹದ ಕಾವಲು ಕಣಗಳನ್ನು ಛೂ ಬಿಡಲು ಅದರ ಗುರುತುಗಳನ್ನು ಕಂಪ್ಯೂಟರಿನಲ್ಲಿ ಹುಡುಕುವವಳು ಆಕೆ. ಎರ್ಸಾಯಿನ್‌ನ ರಕ್ತಕ್ಕೇ ಕ್ಯಾನ್ಸರ್ ತಗುಲಿದ್ದರಿಂದ, ಹೋಲಿಕೆಗೆ ತಂದೆತಾಯಿಯ ರಕ್ತ ಬೇಕಿತ್ತು. ಅವರಿಂದ ಬಂದ ಜೀನುಗಳನ್ನು ಕಳೆದರೆ ಉಳಿಯುವುದು ರೋಗದ ಗುರುತು. ರಕ್ತ ಕೊಟ್ಟವರು ನಾನು ಮತ್ತು ನಿನ್ನ ತಾಯಿ.

"ಇಷ್ಟೊಂದು ಹೊಸ ಗುರುತು ಯಾವ ಕ್ಯಾನ್ಸರಲ್ಲೂ ಇರಲ್ಲ, ಸರ್," ಎಂದಳು. "ಹೆಚ್ಚಿನವು ರೋಗದ್ದಲ್ಲ, ಅವನ ಹೆತ್ತಮ್ಮನಿಂದಲೇ ಬಂದಿರಬೇಕು. ಅದನ್ನೇ ರೋಗ ಅಂತ ನಂಬಿ ಚಿಕಿತ್ಸೆ ಮಾಡಿದ್ವಿ. ಮೈಯ ಸ್ವಂತ ಗುರುತನ್ನ ತೋರಿಸಿ ಹೊಡಿ ಅಂದ್ರೆ ಕಾವಲು ಕಣ ಹೊಡೆಯುತ್ತಾ? ನೀವು ಅವನಿಗೆ ಏನಾಗಬೇಕು?"

ಮೊದಲ ಮೊಮ್ಮಗನನ್ನು ತಾತ ತನ್ನ ಮಗನಾಗಿ ಸಾಕುವುದು ನಮ್ಮಲ್ಲಿ ಹೊಸತಲ್ಲ. ಹುಟ್ಟಿದ ನಲವತ್ತನೆಯ ದಿನ ನೀವೇ ಅವನನ್ನು ನನ್ನ ಮಡಿಲಿಗಿಟ್ಟಿರಿ. ಅವನು ನನ್ನನ್ನು 'ಅಕೆ', ಅಪ್ಪ, ಎಂದು ಕರೆದ. ನಿನ್ನನ್ನು 'ಅಣ್ಣ' ಎಂದ. ಇದನ್ನೆಲ್ಲ ರೌಜಾಗೆ ಹೇಳಿದೆ.

"ಹೆತ್ತವರ ಹೆಸರು ಸರಿಯಾಗಿ ಬರೆಸಿದ್ದರೆ ಬದುಕುತ್ತಿದ್ದನೇ?" ಎಂದೆ.

"ಹೇಳಕ್ಕಾಗಲ್ಲ. ಬದುಕ್ತಿರಲಿಲ್ಲ ಅಂತಾನೂ ಹೇಳಕ್ಕಾಗಲ್ಲ."

ಕಾಲೇಜಿನ ದಿನಗಳಿಂದ ಎಷ್ಟೋ ವಾದಗಳನ್ನು ಗೆದ್ದವನು ನಾನು. ಈ ಎರಡು ವಾಕ್ಯ ಕೇಳಿ ಮನೆಗೆ ಬಂದು, ಮರುದಿನದ ಊಟಕ್ಕೆ ಮಾಂಸ ಕತ್ತರಿಸಲು ಕುಳಿತೆ.

ಸೋಮವಾರ ಪ್ರಯೋಗಾಲಯದ ದಾಖಲೆ ಮುಚ್ಚುತ್ತದೆ. ಅಷ್ಟರೊಳಗೆ ನಿಜವಾದ ತಂದೆತಾಯಿಯ ಹೆಸರು ಮತ್ತು ರಕ್ತ ಸೇರದಿದ್ದರೆ ಎರ್ಸಾಯಿನ್‌ನ ಮಾದರಿಯನ್ನು ಎಸೆಯುತ್ತಾರೆ. ಸೇರಿದರೆ, ಕಾವಲು ಕಣಗಳು ನಿಜವಾಗಿ ಯಾವುದನ್ನು ಕಾಣಬೇಕಿತ್ತೆಂಬುದು ಮುಂದಿನ ರೋಗಿಗಾದರೂ ತಿಳಿದೀತು. ಆಸ್ಪತ್ರೆಯಲ್ಲಿ ಅವನು ನಗುತ್ತಾ ಹೇಳಿದ್ದು ನೆನಪಾಗುತ್ತದೆ: "ಅಕೆ, ನನ್ನ ರಕ್ತದ ಕಾವಲುಗಾರರು ಥೇಟ್ ನಿಮ್ಮ ಹಾಗೇ. ಮನೆಯವರ ತಪ್ಪು ಅವರ ಕಣ್ಣಿಗೆ ಬೀಳೋದೇ ಇಲ್ಲ."

ನಿನಗೂ ಶೋಲ್ಪಾನ್‌ಗೂ ಆಯುಸ್ಸು ಗಟ್ಟಿಯಾಗಿರಲಿ. ನಿಮ್ಮ ಉಳಿದ ಮಕ್ಕಳು ನಿಮ್ಮ ಕಣ್ಣೆದುರಿಗಿರಲಿ.

ನಿನ್ನ ತಂದೆ,
ಕೆಂಜೆಬೆಕ್

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಇದು ಅರಿಯದೆ ಆದ ತಪ್ಪಲ್ಲ. ರಕ್ತ ಕೊಟ್ಟ ದಿನ ನರ್ಸ್ ಎರಡು ಸಲ ಕೇಳಿದಳು, "ಹೆತ್ತ ತಂದೆ ನೀವೇನಾ?" ಎರಡು ಸಲವೂ ಹೌದೆಂದೆ. ಬಾಗಿಲಲ್ಲಿ ಶೋಲ್ಪಾನ್ ಆಗಲೇ ರಕ್ತ ಕೊಡಲು ಅಂಗಿಯ ತೋಳು ಮಡಚಿ ನಿಂತಿದ್ದಳು. "ತೋಳು ಇಳಿಸಮ್ಮ, ಅವನಿಗೆ ತಾಯಿ ಇದ್ದಾಳೆ," ಎಂದೆ. ಅವಳು ತೋಳು ಇಳಿಸಿದಳು. ಇದನ್ನು ಊಟಕ್ಕೆ ನೆರೆದವರಿಗೆಲ್ಲ ಓದಿ ಹೇಳು.

ಯಾರನ್ನೂ ಕೇಳದೆ ತೀರ್ಮಾನಿಸಿದ್ದೇನೆ. ಇಂದು ಬೆಳಿಗ್ಗೆ ಪ್ರಯೋಗಾಲಯಕ್ಕೆ ಹೋಗಿ ತಂದೆಯ ಸಾಲಿನಲ್ಲಿ ನಿನ್ನ ಹೆಸರನ್ನೂ ತಾಯಿಯ ಸಾಲಿನಲ್ಲಿ ಶೋಲ್ಪಾನ್‌ಳ ಹೆಸರನ್ನೂ ಬರೆದು ಬಂದೆ. ಸೋಮವಾರದೊಳಗೆ ಇಬ್ಬರೂ ಬಂದು ರಕ್ತ ಕೊಡಿ. ನನ್ನ ಹೆಸರನ್ನು ಹೊಡೆದುಹಾಕಿ, ಪಕ್ಕದಲ್ಲಿ 'ತಾತ' ಎಂದು ಬರೆದಿದ್ದೇನೆ.