ಹೊಂಬಾಳಮ್ಮನ ಮಡು ಖಾಲಿ ಇಲ್ಲ

ಹೊಳೆಗೆ ಮೀನುಮರಿ ಬಿಡಿಸುವ ಅಧಿಕಾರ ಹೊತ್ತ ಮಾನ್ಯರೇ,

ಜೀವವೈವಿಧ್ಯ ದಿನದ ಅಂಗವಾಗಿ ಬರುವ ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಮಳವಳ್ಳಿ ಸೀಮೆಯ ನಮ್ಮೂರಿನ ಪಕ್ಕ ಶಿಂಷಾ ಹೊಳೆಯಲ್ಲಿರುವ ಹೊಂಬಾಳಮ್ಮನ ಮಡುವಿಗೆ ತಾವು ಅಮೃತಹಸ್ತದಿಂದ ಐವತ್ತು ಸಾವಿರ ಸಾಕಿದ ಮೀನುಮರಿಗಳನ್ನು ಬಿಡಲಿದ್ದೀರಿ ಎಂದು ಕರಪತ್ರ ಕೈಸೇರಿದೆ. ದಯವಿಟ್ಟು ಬಿಡಬೇಡಿ. ಮಡು ಖಾಲಿ ಇಲ್ಲ. ಅಲ್ಲಿ ಆಗಲೇ ಮೀನುಗಳಿವೆ. ತಮ್ಮ ಕಚೇರಿಗೆ ಬೋರ್ಡು ಬರೆಸುವುದಕ್ಕೆ ಇಪ್ಪತ್ತು ಸಾವಿರ ವರ್ಷ ಮೊದಲೇ ಅವು ಅಲ್ಲಿ ಬೀಡುಬಿಟ್ಟಿದ್ದಿರಬೇಕು.

ಖಾಲಿ ಎಂದು ತಮಗೆ ತಿಳಿದದ್ದು ಹೇಗೆಂದು ಈ ಬಹಿರಂಗ ಪತ್ರದ ಓದುಗರಿಗೂ ಗೊತ್ತಾಗಲಿ. ಮಾರ್ಚಿನಲ್ಲಿ ತಮ್ಮ ತಪಾಸಣಾ ತಂಡ ಬಂದಾಗ ಹೊಳೆ ಕಡಿದಿತ್ತು. ಹರಿವು ನಿಂತು, ಅಲ್ಲೊಂದು ಇಲ್ಲೊಂದು ಗುಂಡಿಯಲ್ಲಷ್ಟೇ ನೀರು. ಹೊಳೆ ಕಡಿದ ದಿನ ನಮ್ಮೂರಿನ ಬಲೆಗಳೆಲ್ಲ ಜಂತೆಗೆ ಏರುತ್ತವೆ, ಹೊಳೆ ಮತ್ತೆ ಕೂಡುವವರೆಗೆ ಇಳಿಯುವುದಿಲ್ಲ. ಹೆಂಗಸರು ಬಿಂದಿಗೆ ಹಿಡಿದು ಹೊರಡುತ್ತಾರೆ. ಒಣಗುತ್ತಿರುವ ಗುಂಡಿಗಳಲ್ಲಿ ಸಿಕ್ಕಿಬಿದ್ದ ಮೀನುಗಳನ್ನು ಹೊತ್ತು ತಂದು, ಎಂದೂ ಬತ್ತದ ಮಡುವಿಗೆ ಬಿಡುತ್ತಾರೆ. ಅದೂ ಈ ಹೊಳೆಯ ಮೀನು ಮಾತ್ರ, ಕೆರೆಯದ್ದು ಕೂಡದು. ಈ ಕೆಲಸದ ಯಜಮಾನಿ ಎಪ್ಪತ್ತು ದಾಟಿದ ರೇವಮ್ಮ. ತಮ್ಮ ತಂಡದವರು ಆಕೆಯನ್ನು ದಾರಿಯಲ್ಲಿ ತಡೆದಾಗ ನಾನು ಅಲ್ಲೇ ಇದ್ದೆ.

"ಏನಮ್ಮಾ ಬಿಂದಿಗೇಲಿ?"

"ಮೀನು ಕಣಪ್ಪ."

"ಯಾಕೆ ತಗೊಂಡು ಹೋಗ್ತಿದ್ದೀರಿ?"

"ಮಡುವ್ಗೆ ಬುಡಕ್ಕೆ. ಇನ್ನೇನು ನಿನ್ ಜೀಪ್ಗೆ ಬುಡ್ಲಾ?"

ಇದರಿಂದ ಹುಟ್ಟಿದ ವರದಿ ಹೀಗಿದೆ: "ಮಡುವಿನಲ್ಲಿ ಮತ್ಸ್ಯ ಸಂಪತ್ತು ಇಲ್ಲದಿರುವುದರಿಂದ ಗ್ರಾಮಸ್ಥರೇ ಹೊರಗಿನಿಂದ ಮೀನು ತಂದು ಬಿಡುತ್ತಿರುವುದು ಕಂಡುಬಂದಿದೆ." ಮಾನ್ಯರೇ, ಸಂಜೆ ದನ ಹೊಡೆದುಕೊಂಡು ಕೊಟ್ಟಿಗೆಗೆ ಬರುವವನನ್ನು ನೋಡಿ, ಅಯ್ಯೋ ಪಾಪ, ಇವನ ಕೊಟ್ಟಿಗೆಯಲ್ಲಿ ದನವೇ ಇಲ್ಲ ಎಂದು ಷರಾ ಬರೆಯುವ ಈ ಪ್ರತಿಭೆಗೆ ಬಡ್ತಿ ಸಿಕ್ಕಿತೇ? ಮಡುವಿನೊಳಗೆ ಒಂದು ಸಲವಾದರೂ ಇಣುಕಲು ತಮ್ಮವರಿಗೆ ಯಾವ ಸುತ್ತೋಲೆ ಅಡ್ಡಬಂದಿತ್ತು?

ಇನ್ನು ಆ ಇಪ್ಪತ್ತು ಸಾವಿರ ವರ್ಷದ ಮಾತು. ಹಿಮಯುಗವೆಂದರೆ ಮದ್ದೂರಿನ ಬೀದಿಯಲ್ಲಿ ಮಂಜುಗಡ್ಡೆ ಬಿದ್ದಿತ್ತೆಂದಲ್ಲ. ನೀರು ದೂರದ ಧ್ರುವಗಳಲ್ಲಿ, ಹಿಮಾಲಯದಲ್ಲಿ ಗಡ್ಡೆಕಟ್ಟಿ ಕೂತಿತು; ನಮ್ಮ ಪಾಲಿಗೆ ಆಗಲೂ ಬಂದದ್ದು ಒಣಹವೆಯೇ. ಮುಂಗಾರು ಸೊರಗಿತು, ಕಾಡು ಹಿಂದೆ ಸರಿಯಿತು, ಹೊಳೆಗಳು ಸಣಕಲಾದವು. ಹೊಳೆ ಕಡಿದ ಬೇಸಿಗೆಯೊಂದು ಸಾವಿರಾರು ವರ್ಷ ಎಳೆಯಿತು ಎಂದುಕೊಳ್ಳಿ. ಮೀನು, ಕಪ್ಪೆ, ಮರ, ಪ್ರಾಣಿ ಎಲ್ಲವೂ ತೇವ ಉಳಿದಿದ್ದ ಕೆಲವೇ ಮೂಲೆಗಳಿಗೆ ಹೋಗಿ ಜೀವ ಹಿಡಿದುಕೊಂಡವು. ಒಂದು ಮೂಲೆಯದು ಇನ್ನೊಂದರ ಮುಖ ನೋಡದೆ ತಲೆಮಾರುಗಟ್ಟಲೆ ಕಳೆದು, ವಂಶದ ಗುಣದಲ್ಲೇ ಬೇರೆಬೇರೆಯಾದವು. ಮಳೆ ಮರಳಿದಾಗ ಅಲ್ಲಿಂದ ಹೊರಗೆ ಹೊರಟವು ಕೆಲವು ಮಾತ್ರ. ಬರಗಾಲದಲ್ಲಿ ಬಿತ್ತನೆ ಉಳಿಸಿಕೊಂಡ ಮನೆಯ ಕಣಜದಲ್ಲಿ ಹತ್ತು ಬಗೆಯ ರಾಗಿ ಇದ್ದರೆ, ಅಲ್ಲಿಂದ ಒಂದು ಬೊಗಸೆ ತಂದವನ ಹೊಲದಲ್ಲಿ ಎರಡೋ ಮೂರೋ ಬಗೆ. ಆಸರೆಯಾಗಿದ್ದ ಜಾಗದಲ್ಲಿ ವೈವಿಧ್ಯ ಹೆಚ್ಚು, ಆಮೇಲೆ ತುಂಬಿಕೊಂಡ ಜಾಗದಲ್ಲಿ ಕಡಿಮೆ ಎಂಬುದರ ಗುಟ್ಟು ಇಷ್ಟೇ.

ರೇವಮ್ಮನ ಮೊಮ್ಮಗಳು ನಿಖಿತಾ ಜೀವವಿಜ್ಞಾನದ ಸಂಶೋಧಕಿ. ಎರಡು ವರ್ಷ ಮಡುವಿನ ಬಿಳಿಮೀನುಗಳನ್ನು ಹಿಡಿದು, ರೆಕ್ಕೆಯಂಚಿನಿಂದ ಉಗುರಿನ ಚೂರಿನಷ್ಟು ತೆಗೆದು, ಮತ್ತೆ ನೀರಿಗೆ ಬಿಟ್ಟು ವಂಶವಾಹಿ ಪರೀಕ್ಷೆ ಮಾಡಿಸಿದಳು. ಕೆಳಗಿನ ಹೊಳೆಯಲ್ಲಿ ಒಂದೇ ವಂಶ ಸಿಕ್ಕರೆ ಈ ಮಡುವೊಂದರಲ್ಲೇ ನಾಲ್ಕು ಸಿಕ್ಕವು. ಹಿಮಯುಗದ ಆಸರೆ ಎಂದು ನಾನು ಕುಣಿದಾಡಿದಾಗ ಅವಳು, "ಮೇಷ್ಟ್ರೇ, 'ಇರಬೇಕು' ಅಂತ ಬರೀರಿ. ಇನ್ನೂ ಮಾದರಿ ಬೇಕು" ಎಂದು ತಡೆದಳು. ತಮ್ಮ ವರದಿಯಲ್ಲಿ ಆ ಒಂದು 'ಇರಬೇಕು' ಇದ್ದಿದ್ದರೆ ಈ ಪತ್ರವೇ ಬೇಕಿರಲಿಲ್ಲ. ರೇವಮ್ಮನಿಗೆ ಮಾತ್ರ ಆಶ್ಚರ್ಯವಾಗಲಿಲ್ಲ: "'ಈ ಮಡುವ್ ಮೀನೇ ಬ್ಯಾರೆ' ಅಂತ ನಮ್ಮತ್ತೆ ಯೋಳ್ತಿದ್ದುದ್ನೇ ಇವ್ಳು ಇಂಗ್ಲೀಸ್ನಲ್ಲಿ ಯೋಳ್ತಾವ್ಳೆ."

ಸಾಕಿದ ಮರಿ ಬಿಟ್ಟರೆ ನಷ್ಟವೇನು ಎಂದು ತಾವು ಕೇಳಬಹುದು. ನಾನೂ ಕೇಳಿದ್ದೆ. ೧೯೮೮ರಲ್ಲಿ ನನ್ನ ಹುಟ್ಟೂರಿನ ಯುವಕ ಸಂಘಕ್ಕೆ ನಾನೇ ಕಾರ್ಯದರ್ಶಿ. ಸಾಕಿದ ಮರಿಗಳ ಡ್ರಮ್ಮನ್ನು ಕೆರಗೋಡು ಬಸ್ಸಿನ ಹಿಂದಿನ ಸೀಟಿನಲ್ಲಿ ತೊಡೆಗೆ ಒತ್ತಿಕೊಂಡು ತಂದು, ಹಾರ ಹಾಕಿಸಿಕೊಂಡು, ಊರ ಕಟ್ಟೆಯ ನೀರಿಗೆ ಸುರಿದೆ. ನಮ್ಮವ್ವ ಮಲ್ಲಿಗಮ್ಮ ಏರಿಯ ಮೇಲೆ ನಿಂತು, "ಇರೋ ಮೀನ್ಗಳು ನಿಂಗೇನ್ಲಾ ಮಾಡಿದ್ವು?" ಎಂದಳು. "ಅಭಿವೃದ್ಧಿ ಕಣವ್ವ" ಎಂದೆ. ಮೂರು ವರ್ಷದಲ್ಲಿ ಪಕ್ಕೆ, ಗಿರ್ಲುಗಳಂಥ ಹಳೆಯ ಮೀನುಗಳ ಸುಳಿವಿಲ್ಲ; ಎಲ್ಲಿ ಬಲೆ ಬೀಸಿದರೂ ನಾನು ತಂದ ಸಂತಾನವೇ. ನಾಲ್ಕನೆಯ ವರ್ಷ ಯಾವುದೋ ಕಜ್ಜಿ ಬಂದು, ಅಷ್ಟೂ ಮೀನು ಒಂದೇ ವಾರದಲ್ಲಿ ಹೊಟ್ಟೆ ಮೇಲಾಗಿ ತೇಲಿದವು. "ಒಂದೇ ತಾಯ್ ಮಕ್ಳು, ಒಂದೇ ಜ್ವರಕ್ಕೆ ಓದ್ವು ಕಣ್ಲಾ" ಎಂದಳು ಅವ್ವ. ಅವತ್ತು ಯಾರೂ ನನಗೆ ಹಾರ ಹಾಕಲಿಲ್ಲ. ಆ ಕಟ್ಟೆ ಹೋದರೂ ಊರಿಗೆ ಇನ್ನೊಂದು ಕಟ್ಟೆ ಇತ್ತು. ಈ ಮಡುವಿಗೆ ಇನ್ನೊಂದು ಮಡು ಎಲ್ಲಿದೆ? ಸಾಕಿದ್ದೂ ಹಳೆಯದೂ ಕೂಡಿ ತಳಿ ಬೆರೆತುಹೋದ ಮೇಲೆ, ಅವನ್ನು ಬೇರ್ಪಡಿಸುವ ಜರಡಿ ತಮ್ಮ ಉಗ್ರಾಣದಲ್ಲಿ ಇದೆಯೇ?

ಇದನ್ನೆಲ್ಲ ಹೇಳಲು ಮೊನ್ನೆ ತಮ್ಮ ಕಚೇರಿಗೆ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ. ಮೇಜಿನ ಹಿಂದಿದ್ದ ರಘುನಂದನ್ ಎಂಬ ಗುಮಾಸ್ತರು ನನ್ನ ಮಾತು ಕೊನೆವರೆಗೂ ಕೇಳಿ, "ಎಲ್ಲಾ ಸರಿ ಸಾರ್. ಆದ್ರೆ ಬ್ಯಾನರ್ ಪ್ರಿಂಟ್ ಆಗೋಗಿದೆ" ಎಂದರು. ಹಿಮಯುಗವನ್ನು ದಾಟಿ ಬಂದ ಜೀವ ಒಂದು ಫ್ಲೆಕ್ಸ್ ಬ್ಯಾನರನ್ನು ದಾಟಲಾರದೆಂದು ನಾನು ಎಣಿಸಿರಲಿಲ್ಲ.

ನನ್ನ ಒತ್ತಾಯ ಇದು: ಮರಿಗಳನ್ನು ಅವು ಹುಟ್ಟಿದ ತೊಟ್ಟಿಗೇ ಹಿಂದಕ್ಕೆ ಕಳಿಸಿ, ವರದಿಯ ಆ ವಾಕ್ಯಕ್ಕೆ ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆಯಿರಿ, ಹೊಂಬಾಳಮ್ಮನ ಮಡುವಿನ ಹೆಸರನ್ನು ತಮ್ಮ ಪಟ್ಟಿಯಿಂದ ಶಾಶ್ವತವಾಗಿ ತೆಗೆಯಿರಿ. ಸೋಮವಾರ ತಾವು ಬರುವುದಕ್ಕೆ ಅಡ್ಡಿಯಿಲ್ಲ, ಬ್ಯಾನರೂ ಇರಲಿ. ಟ್ಯಾಂಕರು ಬಂದರೆ ಮಾತ್ರ ಮಡುವಿನ ಮೆಟ್ಟಿಲ ತುಂಬ ಹೆಂಗಸರು ಕೂತಿರುತ್ತಾರೆ, ಅವರನ್ನು ದಾಟಿ ಹೋಗಬೇಕು. ತಾವು ಬರುವ ಸುದ್ದಿಯನ್ನು ರೇವಮ್ಮನಿಗೆ ಹೇಳಿದೆ. "ಬರ್ಲಿ ಬುಡು" ಎಂದಳು. "ಮೇಲ್ಗಡೆ ಗುಂಡೀಲಿ ಇನ್ನೂ ಏಳೆಂಟು ಮೀನು ಒದ್ದಾಡ್ತಾವೆ. ಸಾಯೇಬ್ರಿಗೂ ಒಂದ್ ಬಿಂದ್ಗೆ ತೊಳ್ದು ಮಡಗಿವ್ನಿ."

ಇಂತಿ,
ಒಂದು ಕಟ್ಟೆಯನ್ನು ಕೈಯಾರೆ ಅಭಿವೃದ್ಧಿ ಮಾಡಿ ಮುಗಿಸಿದ
ಮರಿಸಿದ್ದಯ್ಯ
ನಿವೃತ್ತ ವಿಜ್ಞಾನ ಮೇಷ್ಟ್ರು