ಗೇಲಿ ಮಾಡಿದ್ದು ಯಾರನ್ನು

ಮಾರ್ಚ್ ೧೪, ಮಧ್ಯಾಹ್ನ

ಒಂಟಿಗಣ್ಣಾ,

...ಆಮೇಲೆ ಬೈಸಿಕೊಂಡರಾಯಿತು, ಮೊದಲು ವೆಬ್‌ಸೈಟಿಗೆ ಹಾಕು ಎನ್ನುತ್ತಿದ್ದವನು ನೀನೋ ನಾನೋ? ಬೆಳಗಿನಿಂದ ನೆನಪಿಸಿಕೊಳ್ಳುತ್ತಿದ್ದೇನೆ, ಆಗುತ್ತಿಲ್ಲ. ನಾಲ್ಕು ವರ್ಷ ಸುದ್ದಿಯಿಲ್ಲದವನು ಪತ್ರವನ್ನು ಹೀಗೆ ಶುರುಮಾಡಬಾರದು, ಕ್ಷಮಿಸು. ಬೆನ್ನುನೋವು ಹೇಗಿದೆ? ಮಗಳು ನಿನ್ನ ಭುಜಕ್ಕೆ ಬಂದಿರಬೇಕು.

ನಿನ್ನ ವಕೀಲರ ನೋಟಿಸ್ ತಲುಪಿತು. ಮಂತ್ರಿಗಳು ಗಿಡಕ್ಕೆ ನೀರೆರೆಯುವ ನೀನು ತೆಗೆದ ಫೋಟೋಗೆ ಕತ್ತೆ ಕಿವಿ ಅಂಟಿಸಿ ನಮ್ಮ ಅಣಕದ ವೆಬ್‌ಸೈಟಿಗೆ ಹಾಕಿದ್ದು ಕಾಪಿರೈಟ್ ಉಲ್ಲಂಘನೆಯಂತೆ. ‘ನಮ್ಮ’ ಎಂದು ಬರೆದುಬಿಟ್ಟೆ, ಅಭ್ಯಾಸ. ನೀನು ಎದ್ದುಹೋಗಿ ಅದೇ ಮಂತ್ರಿಗಳ ಫೋಟೋಗ್ರಾಫರ್ ಆದ ಮೇಲೆ ಈ ಕೋಣೆಯಲ್ಲಿ ನಾನೊಬ್ಬನೇ. ನಿನ್ನ ಮೇಜಿನ ಮೇಲೆ ಪ್ರಿಂಟರ್ ಕೂರಿಸಿದ್ದೇನೆ. ಹೊಸದೇನಾದರೂ ಬರೆದಾಗ ಅದಕ್ಕೇ ಗಟ್ಟಿಯಾಗಿ ಓದಿಹೇಳುತ್ತೇನೆ. ಪಾಪ, ಅದು ನಿನಗಿಂತ ತಾಳ್ಮೆಯಿಂದ ಕೇಳುತ್ತದೆ.

ನಮ್ಮ ಮೇಲೆ ಇದು ಮೂರನೆಯ ದೂರು. ಸೋಮವಾರದೊಳಗೆ ಸರಿಯಾದ ಉತ್ತರ ಹೋಗದಿದ್ದರೆ ಸರ್ವರ್ ಕಂಪನಿಯವರು ಇಡೀ ವೆಬ್‌ಸೈಟನ್ನೇ ಮುಚ್ಚುತ್ತಾರೆ. ಅದಕ್ಕೇ ಒಬ್ಬ ವಕೀಲೆಯ ಬಳಿ ಹೋಗಿದ್ದೆ. ಚಿತ್ರ ನೋಡಿದರು, ತುಟಿಯೂ ಅಲುಗಲಿಲ್ಲ.

“ಗೇಲಿ ಮಾಡಿದ್ದು ಯಾರನ್ನ?”

“ಮಂತ್ರಿನ. ಇನ್ಯಾರನ್ನ?”

“ಹಾಗಾದ್ರೆ ಕಷ್ಟ. ಮಂತ್ರಿನ ಬೈಯೋಕೆ ಇನ್ನೊಬ್ಬರ ಫೋಟೋನೇ ಯಾಕೆ ಬೇಕಿತ್ತು ಅಂತ ಕೇಳ್ತಾರೆ. ಆ ಫೋಟೋನೇ, ಅದನ್ನ ತೆಗೆದ ರೀತಿನೇ ಗೇಲಿ ಮಾಡಿದ್ದು ಅಂದ್ರೆ ಅನುಮತಿ ಬೇಕಿಲ್ಲದ ನ್ಯಾಯಯುತ ಬಳಕೆ ಅಂತ ವಾದ ಹೂಡಬಹುದು.”

“ಅಂದ್ರೆ, ಫೋಟೋ ತೆಗೆದವನನ್ನ ಆಡ್ಕೊಂಡೆ ಅಂತ ಬರ್ಕೊಡಬೇಕಾ?”

“ಬರ್ಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ? ಅವರೇನು ನಿಮ್ಮ ಸ್ವಂತದವರಾ?”

ನಾನು ಚೀಲದ ಜಿಪ್ ಎಳೆಯುತ್ತಾ ಕೂತೆ.

ಅವರು ಟೈಪ್ ಮಾಡಿಸಿಕೊಟ್ಟ ಹೇಳಿಕೆ ಈಗ ನನ್ನ ಮುಂದಿದೆ. ‘ಛಾಯಾಗ್ರಾಹಕರ ಹೊಗಳುಭಟ್ಟ ಶೈಲಿಯನ್ನು ಅಣಕಿಸುವುದೇ ಉದ್ದೇಶವಾಗಿತ್ತು.’ ಹೊಗಳುಭಟ್ಟ ಎಂಬುದು ಅವರ ಪದ. ಎರಡು ಸಲ ಹೊಡೆದುಹಾಕಿದೆ. ಅಷ್ಟು ಸರಿಹೊಂದುವ ಬೇರೆ ಪದ ಸಿಗಲಿಲ್ಲ. ಕೆಳಗೆ ಸಹಿಗೆ ಜಾಗ ಬಿಟ್ಟಿದ್ದಾರೆ, ಬೇಕಾದ್ದಕ್ಕಿಂತ ಹೆಚ್ಚೇ.

ಮಗಳಿಗೆ ನನ್ನ ಆಶೀರ್ವಾದ ಹೇಳು. ನಿನಗೂ ಒಳ್ಳೆಯದಾಗಲಿ. ಕ್ಯಾಮೆರಾ ಚೀಲ ಒಂದೇ ಹೆಗಲಿಗೆ ಹಾಕಬೇಡ.

ಇಂತಿ,
ಗುಂಡುಸೂಜಿ

ಮರೆತ ಮಾತು: ಗಿಡಕ್ಕೆ ನೀರೆರೆದ ಆ ಸಮಾರಂಭದ ಫೋಟೋಗಳು ನಲವತ್ತಾದರೂ ಇದ್ದವು. ಯಾರು ಬೇಕಾದರೂ ಬಳಸಬಹುದಾದವೂ ಇದ್ದವು. ಎಲ್ಲ ಬಿಟ್ಟು, ಕೆಳಗೆ ನಿನ್ನ ಹೆಸರಿದ್ದುದನ್ನೇ ಆರಿಸಿದೆ. ವಕೀಲೆಗೆ ನಾನು ‘ಮಂತ್ರಿನ’ ಎಂದು ಹೇಳಿದ್ದು ಸುಳ್ಳೆಂದು ಮೆಟ್ಟಿಲಿಳಿಯುವಾಗ ಹೊಳೆಯಿತು. ಹೇಳಿಕೆಯಲ್ಲಿರುವುದೇ ನಿಜ, ಅದಕ್ಕೇ ಸಹಿ ಹಾಕಲಾರೆ. ಸೋಮವಾರ ಮುಚ್ಚಿದರೆ ಮುಚ್ಚಲಿ. ಇಷ್ಟು ಮಾತ್ರ ಹೇಳು: ಆ ಕಿವಿಗಳನ್ನು ಮೊದಲ ಸಲ ನೋಡಿದಾಗ, ವಕೀಲರಿಗೆ ಫೋನ್ ಮಾಡುವ ಮುಂಚೆ, ಪಕ್ಕದಲ್ಲಿ ಯಾರೂ ಇಲ್ಲದಾಗ, ನಿನಗೆ ನಗು ಬಂತಾ?